ಮೆಟ್ಟಿಲಿಗೆ ಇಳಿದು ಬಂದ ಕಪ್

ಗೆಳೆಯರೇ, ಇವತ್ತು ರಾಯಚೂರಿನಾಚೆಯ ಗಾಲ್ಫ್ ಕ್ಲಬ್ಬಿನಲ್ಲಿ ಹೆಂಗಸರ ಟೂರ್ನಮೆಂಟ್ ಗೆದ್ದವರು ದೇವದುರ್ಗದ ಲೇಡಿ ಡಾಕ್ಟರ್ ರಜಿಯಾ. ಆದರೆ ಬಹುಮಾನ ಕೊಡುವ ಹಾಲಿನೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಪ್ರತಿವರ್ಷ ಗೆದ್ದವರ ಗಂಡ ಒಳಗೆ ಹೋಗಿ ಕಪ್ ಇಸಿದುಕೊಂಡು ಬರುವುದು ವಾಡಿಕೆ. ರಜಿಯಾ ಅವರಿಗೆ ಮದುವೆಯಾಗಿಲ್ಲ.

ಸೆಕ್ರೆಟರಿ ಬಾಗಿಲಲ್ಲಿ ನಿಂತು ಕೇಳಿದರು: "ಅಣ್ಣ ತಮ್ಮ ಯಾರರ ಬಂದಾರೇನ್ರಿ, ಮೇಡಂ?"

"ಇಲ್ರಿ."

"ಹಂಗಾರ ನಿಮ್ಮ ಅಬ್ಬಾ?"

"ಮೊಣಕಾಲು ನೋವಂತ ಮಾನ್ವಿಯಾಗ ಮಲಗ್ಯಾರ. ಚೆಂಡು ಹೊಡದಾಕಿ ನಾನು, ಅವರನ್ನ ಯಾಕ ಎಬ್ಬಿಸ್ತೀರಿ? ಕಪ್ ಹೊರಗ ತರ್ರಿ, ಇಲ್ಲೇ ಕುಂತಿರ್ತೀನಿ."

ಬಿಸಿಲಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೋದ ವರ್ಷ ಗೆದ್ದಿದ್ದ ಇಂಜಿನಿಯರ್ ಸಾಹೇಬರ ಹೆಂಡತಿ ಬಂದು ಪಕ್ಕದಲ್ಲಿ ಕೂತರು. "ನನ್ನ ಕಪ್ ನಾ ಮೊದಲು ನೋಡಿದ್ದ ಮನಿ ಕಪಾಟಿನ್ಯಾಗರಿ," ಎಂದರು. ಸೋತವರೂ ಒಬ್ಬೊಬ್ಬರಾಗಿ ಬಂದು ಕೂತರು. ಮೆಟ್ಟಿಲು ತುಂಬಿತು. ಒಳಗಿದ್ದ ಗಂಡಸರಿಗೆ ಇಳಿದು ಹೋಗಲು ದಾರಿಯೇ ಇಲ್ಲ.

ಕಾಲು ಗಂಟೆ ಕಳೆದ ಮೇಲೆ ಕ್ಲಬ್ಬಿನ ಅಧ್ಯಕ್ಷರೇ ಕಪ್ ಹಿಡಿದು ಹೊರಗೆ ಬಂದು, ಕೂತವರ ನಡುವೆ ಕಾಲಿಡಲು ಜಾಗ ಹುಡುಕುತ್ತ ಇಳಿದು, ರಜಿಯಾ ಅವರ ಕೈಗೆ ಕೊಟ್ಟರು.

ಗಾಲ್ಫ್ ಶ್ರೀಮಂತರ ಆಟವೆಂದು ಖಂಡಿಸಿ, ಗೇಟಿನಲ್ಲಿ ಹಂಚಲು ನಾನು ಕರಪತ್ರ ಒಯ್ದಿದ್ದೆ. ಒಂದನ್ನೂ ಹಂಚಲಾಗಲಿಲ್ಲ. ಎರಡೂ ಕೈ ಚಪ್ಪಾಳೆಗೇ ಬೇಕಾದವು.