ಬಲ್ಬ್ ತೆಗೆಸಿದ ಬುದ್ಧಿವಂತ

ಕಳೆದ ಸೋಮವಾರ ನನ್ನ ಮಗಳಿಗೆ ಡಿಗ್ರಿ ಪರೀಕ್ಷೆ ತಪ್ಪಿತು. ಕಾರಣ, ಕಡಲೆಕಾಳಿನಷ್ಟು ಒಂದು ಬಲ್ಬ್!

ನನ್ನದು ಇಪ್ಪತ್ತು ವರ್ಷದ ಹಳೇ ಕಾರು. ಅದರೊಳಗೂ ಒಂದು ಕಂಪ್ಯೂಟರ್ ಇದೆ (ನಗಬೇಡಿ, ನಿಜವಾಗಿಯೂ ಇದೆ). ಡ್ಯಾಶ್‌ಬೋರ್ಡಿನ ಹಿಂದೆ, ಟಿಫಿನ್ ಡಬ್ಬಿಯಷ್ಟು. ಸ್ಕ್ರೀನಿಲ್ಲ, ಏನಿಲ್ಲ. ಎಂಜಿನ್ನಿಗೆ ಏನಾದರೂ ಆದರೆ ಮೀಟರಿನಲ್ಲಿ ಹಳದಿ ದೀಪ ಹಚ್ಚುತ್ತದೆ. ಅದಕ್ಕೆ ಗೊತ್ತಿರುವುದು ಅದೊಂದೇ ಭಾಷೆ.

ಎರಡು ತಿಂಗಳ ಹಿಂದೆ ಆ ದೀಪ ಹತ್ತಿತು. ಶಹಾಪುರದ ನಮ್ಮ ಮೆಕ್ಯಾನಿಕ್ ಸಾಬಣ್ಣನ ಬಳಿ ಒಯ್ದೆ. ಹತ್ತೇ ನಿಮಿಷ, ದೀಪ ಮಾಯ! "ಇನ್ನ ತ್ರಾಸ ಇಲ್ರಿ ಸರ್" ಅಂದ. ನಾನೂ ಶಭಾಷ್ ಎಂದೆ.

ಸೋಮವಾರ ಸುರಪುರದ ಪರೀಕ್ಷಾ ಕೇಂದ್ರಕ್ಕೆ ಹೊರಟವರು ಕಾರು ಕೆಟ್ಟು ದಾರಿಯ ಭೀಮರಾಯನಗುಡಿಯಲ್ಲೇ ನಿಂತೆವು. ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಇಲ್ಲ. ಪಕ್ಕದ ಗ್ಯಾರೇಜಿನಿಂದ ಖಾಜಾ ಉಸ್ತಾದರು ಬಂದರು.

"ಹಳೇ ಗಾಡಿ ಛಲೋರಿ. ಸ್ಕ್ಯಾನರ್ ಬ್ಯಾಡ. ಕಂಪ್ಯೂಟರಿನ ಎರಡು ಪಿನ್ನಿಗೆ ವೈರ್ ತುಂಡು ಹಚ್ಚಿದ್ರ ಆ ಹಳದಿ ಲೈಟ್ ಮಿಣಮಿಣ ಅಂತದ. ಎಷ್ಟು ಸಲ ಅಂತ ಎಣಿಸಿದ್ರ ರೋಗ ಯಾವ್ದಂತ ತಿಳೀತದ. ಎರಡ ನಿಮಿಷರಿ."

ಅಷ್ಟರಲ್ಲಿ ಸುರಪುರದ ಬಸ್ ಬಂತು. ಮಗಳು ಇಳಿಯಹೋದಳು. "ಕುಂಡ್ರು, ಎರಡ ನಿಮಿಷ ಅಂದಾರ" ಎಂದೆ. ಬಸ್ ಹೋಯಿತು; ಮುಂದಿನದು ತಾಸಿನ ಮೇಲೆಯೇ.

ಉಸ್ತಾದರು ವೈರ್ ಹಚ್ಚಿದರು. ದೀಪ ಮಿಣುಕಲಿಲ್ಲ. ಮೀಟರ್ ಬಿಚ್ಚಿದರೆ ಬಲ್ಬೇ ಇಲ್ಲ! ಸಾಬಣ್ಣ ರೋಗ ಬಿಟ್ಟು ಬಲ್ಬ್ ಕಿತ್ತಿದ್ದ.

"ಗಾಡಿ ಬಾಯಾಗ ಬಟ್ಟಿ ತುರುಕ್ಯಾರಲ್ರಿ! ಈಗ ನಾ ಯಾರಿಗೆ ಕೇಳ್ಲಿ?" ಎಂದ ಉಸ್ತಾದರು ಒಂದೊಂದೇ ವೈರ್ ಹುಡುಕುತ್ತ ಕುಳಿತರು. ಎಂಜಿನ್ನಿನ ಒಂದು ಸೆನ್ಸರಿನ ವೈರ್ ಸವೆದು ತುಂಡಾಗಿತ್ತು. ಅದು ಸಿಗುವಷ್ಟರಲ್ಲಿ ಒಂದು ತಾಸು. ಸುರಪುರ ಮುಟ್ಟಿದಾಗ ಗೇಟ್ ಹಾಕಿತ್ತು. ಮಗಳು ಹಾಲ್ ಟಿಕೆಟ್ ಹಿಡಿದು ಗೇಟಿನ ಹೊರಗೇ ನಿಂತಳು.

ಮೈ ಉರಿದುಹೋಯಿತು. ಸಂಜೆ ನೇರ ಸಾಬಣ್ಣನ ಗ್ಯಾರೇಜಿಗೆ ನುಗ್ಗಿ ಕೂಗಾಡಿದೆ. ಇದು ರಿಪೇರಿಯೋ, ಮೋಸವೋ? ದೂರು ಹೇಳುವವರ ಬಾಯಿ ಮುಚ್ಚಿಸಿ "ಎಲ್ಲ ಸರಿಯಿದೆ" ಎನ್ನುವ ಚಾಳಿ ನಮ್ಮ ಆಫೀಸುಗಳಲ್ಲಿ ಇರುವುದು ಸಾಲದೆ? ಕಾರಿಗೂ ಬೇಕೆ?

ಅವನು ಕೈ ಒರೆಸಿಕೊಳ್ಳುತ್ತ ಕೇಳಿದ: "ಏನರೆ ಮಾಡು, ಆ ಲೈಟ್ ಬಂದ್ ಆಗ್ಬೇಕು, ಕಣ್ಣಿಗೆ ಚುಚ್ತದ ಅಂದೋರು ಯಾರ್ರಿ ಸರ್?"

ಅಂದವನು ನಾನೇ. (ಮೇಲೆ ಬರೆಯುವಾಗ ಅದೊಂದನ್ನು ಬಿಟ್ಟಿದ್ದೆ.)

ಮಗಳು ಅಂದಿನಿಂದ ನನ್ನೊಂದಿಗೆ ಒಂದು ಮಾತೂ ಆಡಿಲ್ಲ. ಮನೆಯಲ್ಲಿ ಜಗಳವಿಲ್ಲ, ತಕರಾರಿಲ್ಲ.

ಎಲ್ಲ ಸರಿಯಿದೆ ಎಂದುಕೊಳ್ಳಲೇ?