ಸೋತವನು ಹೇಳಬೇಕಾದ ಸಾಲು

ಅಂಕಲಿಯಲ್ಲಿ ನಮ್ಮ ಹುಡುಗರ ರ‍್ಯಾಪ್ ಪಂದ್ಯ ನಡೆಯುತ್ತಿದ್ದುದು ಕಬ್ಬು ಸಾಗಿಸುವ ಟ್ರಾಲಿಯ ಮೇಲೆ. ಎದುರಾಳಿಯನ್ನು ಛಕ್ಕಾ ಎಂದು ಹಂಗಿಸಿದರೇ ಸೀಟಿ ಬೀಳುತ್ತಿತ್ತು. ಸೋತವನು ಗೆದ್ದವನ ಕೊನೆಯ ಸಾಲನ್ನು ಮೈಕಿನಲ್ಲಿ ತಾನೇ ಒಪ್ಪಿ ಹೇಳಬೇಕು. ಎಂಥ ಹಾಳು ನಿಯಮ!

ಆ ಸಂಜೆ ನನ್ನೆದುರು ನಿಂತವನು, ಕೃಷ್ಣೆಯ ದಂಡೆಯಲ್ಲಿ ಯಾರೂ ಇಲ್ಲದಾಗ ನನಗೆ ಮುತ್ತಿಡುತ್ತಿದ್ದ ಗೆಳೆಯ. ಗೆಲ್ಲಲು ಅವನು ಎಸೆದ ಸಾಲು: "ಇಂವಗ ಹುಡುಗೀರು ಬ್ಯಾಡ, ಹುಡುಗರ ಬೇಕ!"

ಟ್ರಾಲಿಯ ಸುತ್ತ ನಿಂತವರು ಕುಣಿದಾಡಿದರು. "ಸೋತಿ, ಹೇಳ್ಲೇ!"

ಮೈಕ್ ಹಿಡಿದೆ. "ನನಗ ಹುಡುಗೀರು ಬ್ಯಾಡ, ಹುಡುಗರ ಬೇಕ."

ನನ್ನ ಬಾಳಿನ ಸತ್ಯವನ್ನು ನಾನು ಊರೆದುರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.