ಫೋಟೊದೊಳಗೆ ಉಳಿದ ಕೈ

ಸರ್ಕಾರ ರೈತರಿಗೆ ಕೊಡುವ ಹಣ ಬೆಳೆ ತೆಗೆದವರಿಗೆ ಹೋಗುವುದಿಲ್ಲ, ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. ಇದು ಗುಟ್ಟೇನಲ್ಲ, ನಿಮಗೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೀರಿ ಅಂತಲೇ ದೊಡ್ಡಮುನಿಯಮ್ಮನ ಸಂಗತಿ ಹೇಳುತ್ತಿದ್ದೇನೆ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಬೀಗ ರಿಪೇರಿಯವನ ಪಕ್ಕ ಗೋಣಿತಾಟು ಹಾಸಿಕೊಂಡು ಸೊಪ್ಪು ಮಾರುವ ಹೆಂಗಸು. ಕೆ.ಆರ್. ಪುರದಿಂದಾಚೆ, ರಾಜಕಾಲುವೆಯ ಮಗ್ಗುಲಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಹೇಗೋ ಉಳಿದುಕೊಂಡ ಒಂದು ತುಂಡು ಹೊಲದಲ್ಲಿ ದಂಟು, ಕೊತ್ತಂಬರಿ, ಸಬ್ಬಸಿಗೆ ಹಾಕುತ್ತಿದ್ದಳು. ಹೊಲ ಆಕೆಯದಲ್ಲ. ಸಿ.ವಿ. ರಾಮನ್ ನಗರದಲ್ಲಿ ಮನೆ ಮಾಡಿರುವ ಜಗದೀಶನದು. ಬಾಯಿಮಾತಿನ ಗುತ್ತಿಗೆ. ಅವನ ತಂದೆಯ ಕಾಲದಲ್ಲಿ ಈಕೆಯ ಗಂಡ ಉಳುತ್ತಿದ್ದ. ಗಂಡ ಹೋದ ಮೇಲೆ ಈಕೆ. ಜಗದೀಶ ಕೂಸಾಗಿದ್ದಾಗ ಎತ್ತಿಕೊಂಡು ತಿರುಗಿದವಳು. ವರ್ಷಾವರ್ಷ ಸರ್ಕಾರ ಕೊಡುವ ರೈತರ ಕಂತು ಅವನ ಖಾತೆಗೆ ಬೀಳುತ್ತಿತ್ತು. ಅದರಲ್ಲಿ ಪಾಲು ಬೇಕೆಂದು ಆಕೆ ಯಾವತ್ತೂ ಕೇಳಿರಲಿಲ್ಲ.

ಹೋದ ಮುಂಗಾರಿನಲ್ಲಿ ರಾಜಕಾಲುವೆ ಒಡೆಯಿತು. ನಗರ ತೊಳೆದು ಬಿಟ್ಟಿದ್ದೆಲ್ಲ ಆಕೆಯ ಪಾತಿಗಳ ಮೇಲೆ ಬಂದು ನಿಂತಿತು. ನೀರು ಇಳಿದ ಕೂಡಲೇ ಕೊಳೆತದ್ದನ್ನು ಕಿತ್ತು ಮತ್ತೆ ಬಿತ್ತಬಹುದಿತ್ತು. ಒಂದಿಷ್ಟು ಬೀಜ ಮನೆಯಲ್ಲಿತ್ತು. ಆದರೆ ಪರಿಹಾರ ಬರಬೇಕಾದರೆ ಹಾಳಾದ ಬೆಳೆ ಸರ್ಕಾರದವರ ಕಣ್ಣಿಗೆ ಬೀಳಬೇಕು ಅಂತ ಯಾರೋ ಹೇಳಿದರು. ಬೆಳೆ ತನ್ನದು, ಪರಿಹಾರವೂ ತನಗೇ ಎಂದುಕೊಂಡು ಪಾತಿಗೆ ಕೈ ಹಾಕದೆ ಆಕೆ ಆ ನಾತವನ್ನು ಕಾಯುತ್ತಾ ಕೂತಳು. ಅಷ್ಟರಲ್ಲಿ ಬೀಜಕ್ಕೂ ಬೂಷ್ಟು ಹಿಡಿಯಿತು. ಇನ್ನು ಪರಿಹಾರ ಕೈಗೆ ಬಂದರೆ ಬಿತ್ತನೆ, ಇಲ್ಲದಿದ್ದರೆ ಹೊಲ ಬಿಡಬೇಕು.

ಕೊನೆಗೆ ಬೆಳೆಹಾನಿಯ ಸಮೀಕ್ಷೆಗೆ ಸರ್ಕಾರ ನೇಮಿಸಿದ್ದ ಸುನೀಲ್ ಮೊಬೈಲ್ ಹಿಡಿದು ಬಂದ. ದೊಡ್ಡಮುನಿಯಮ್ಮ ತಲೆ ಬಾಚಿ, ಹಬ್ಬದ ಸೀರೆ ಉಟ್ಟು ಪಾತಿಯ ನಡುವೆ ನಿಂತಿದ್ದಳು. ಸುನೀಲ್ ಮೊದಲೇ ಫೋನ್ ಮಾಡಿದ್ದರಿಂದ ಜಗದೀಶನೂ ಕಾರಿನಲ್ಲಿ ಬಂದ. ಬಂದವನು ಬದುವಿನ ಮೇಲೇ ನಿಂತ.

"ನೀನು ಪಕ್ಕಕ್ಕೆ ಬಾ ಮುನಿಯಮ್ಮ," ಎಂದ. "ಫೋಟೊದಲ್ಲಿ ನಿಂತ್ಕೊಂಡು ನಾಳೆ ಹೊಲ ನಂದೇ ಅಂದ್ಬಿಟ್ರೆ?"

"ಈ ಗಬ್ಬನ್ನ ಯಾರ್ ನಂದು ಅಂತಾರೆ ಜಗದೀಶಪ್ಪ," ಎಂದು ನಕ್ಕು ಆಕೆ ಸರಿದಳು.

ಆದರೆ ಬದುವಿನ ಮೇಲೆ ನಿಂತ ಜಗದೀಶನ ಜೊತೆ ಕೊಳೆತ ಗಿಡವೂ ಫೋಟೊದಲ್ಲಿ ಕಾಣಬೇಕಲ್ಲ. ಕೆಸರಿಗೆ ಇಳಿದರೆ ಅವನ ಶೂ ಕೆಡುತ್ತದೆ. ಒಂದು ಹಿಡಿ ದಂಟು ಕಿತ್ತು, ಪಕ್ಕದಿಂದ ಚಾಚಿ ಹಿಡಿಯುವಂತೆ ಆಕೆಗೇ ಹೇಳಿದ. ಆಮೇಲೆ ಏನೋ ಅನುಮಾನ ಬಂದು ಸುನೀಲನ ಮುಖ ನೋಡಿದ.

"ಕೈ ಪರವಾಗಿಲ್ಲ ಸಾರ್," ಎಂದ ಸುನೀಲ್. "ಮುಖ ಬರ್ದೇ ಇದ್ರೆ ಸಾಕು."

ಪರಿಹಾರ ಬಂತು. ಯಾರ ಖಾತೆಗೆ ಅಂತ ನಾನು ಹೇಳಬೇಕಿಲ್ಲ. ಆಕೆ ಅವನ ಮನೆಗೆ ಹೋಗಿ ಬೀಜಕ್ಕಾಗುವಷ್ಟು ಮಾತ್ರ ಕೇಳಿದಳು. ಜಗದೀಶ ಬೈಯಲಿಲ್ಲ. ಕೂರಿಸಿ, ಸರ್ಕಾರ ತನಗೆ ಕೊಟ್ಟದ್ದು ತನ್ನದು ಎಂದು ಸಮಾಧಾನದಿಂದಲೇ ವಿವರಿಸಿದ. ಈ ಸಲದ ಗುತ್ತಿಗೆ ಹಣ ಸ್ವಲ್ಪ ತಡವಾದರೂ ಚಿಂತೆಯಿಲ್ಲ ಎಂದೂ ಸೇರಿಸಿದ.

"ನಂಗೆ ಬ್ಯಾಡ ಬಿಡಪ್ಪ," ಎಂದಳು ದೊಡ್ಡಮುನಿಯಮ್ಮ. "ಆ ಫೋಟೊದಾಗೆ ಒಂದು ಕೈ ಐತಲ್ಲ, ಅದಕ್ಕಾದ್ರೂ ಏನಾದ್ರೂ ಕೊಡು."

ಮರುವಾರ ಹೊಲಕ್ಕೆ ತಂತಿಬೇಲಿ ಬಿತ್ತು. ಇಂಥ ಮಾತಾಡಿದವಳು ನಾಳೆ ಕೋರ್ಟಿಗೂ ಹೋದಾಳು ಎಂದು ಅವನು ಹೆದರಿದ್ದ.

ಆಕೆ ಈಗಲೂ ಅದೇ ಗೋಣಿತಾಟಿನ ಮೇಲೆ ಕೂರುತ್ತಾಳೆ. ಸೊಪ್ಪು ಮಾತ್ರ ಕೆ.ಆರ್. ಪುರದ ಸಂತೆಯಿಂದ ಕೊಂಡು ತಂದದ್ದು. ನಿಮ್ಮ ಹೊಲದ್ದೇ ಅಲ್ವಾ ಎಂದು ಹಳೆಯ ಗಿರಾಕಿಗಳು ಕೇಳಿದರೆ ಹೂಂ ಅನ್ನುತ್ತಾಳೆ. ಬೇಲಿಯೊಳಗೆ ಮೊಣಕಾಲುದ್ದ ಕಳೆ ಬೆಳೆದಿದೆ. ರೈತರ ಕಂತು ತಪ್ಪಿಲ್ಲ.

ಜಗದೀಶ ರಾಕ್ಷಸನೇನಲ್ಲ, ನಿಮ್ಮಂಥವನೇ. ನಿಮ್ಮ ಹೆಸರಿನಲ್ಲೂ ಎಲ್ಲೋ ಒಂದು ತುಂಡು ನೆಲ ಇದ್ದು, ಅದನ್ನು ಬೇರೆಯವರು ಉಳುತ್ತಿದ್ದರೆ, ಈ ಸಲ ಕಂತಿನ ಮೆಸೇಜು ನೋಡಿ ಫೋನ್ ಜೇಬಿಗೆ ಹಾಕಿಕೊಂಡು ಸುಮ್ಮನಾಗಬೇಡಿ. ಎದ್ದು ಹೋಗಿ, ಆ ಹಣವನ್ನು ಅವರ ಕೈಗೆ ಕೊಟ್ಟು ಬನ್ನಿ.